ಗೊತ್ತಿದ್ದ ದೋಷವನ್ನು ಬಚ್ಚಿಟ್ಟವರಿಗೆ

ತುರ್ತು ವಾಹನ ಸೇವೆಯ ಆ್ಯಪ್‌ಗೆ ಹೊಸ ಆವೃತ್ತಿ ತಂದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಆ್ಯಪ್‌ನಲ್ಲಿ ದೋಷವಿತ್ತು ಎಂಬುದು ನನ್ನ ದೂರಲ್ಲ. ಗೊತ್ತಿದ್ದೂ ಅದನ್ನು ನಮ್ಮ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕುಳಿತಿರಿ ಎಂಬುದು ನನ್ನ ದೂರು. 'ಹೊಸತೇನಿದೆ' ಎಂಬ ತಲೆಬರಹದ ಕೆಳಗೆ ಕಣ್ಣಿಗೆ ಹಿತವಾದ ಬಣ್ಣ, ದೊಡ್ಡ ಅಕ್ಷರ, ಚುರುಕು ಸೇವೆ ಎಂದೆಲ್ಲ ಬರೆದಿದ್ದಿರಿ. ಬಣ್ಣ ನಿಜಕ್ಕೂ ಹಿತವಾಗಿದೆ. ನನ್ನ ತಂಗಿ ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದಾಗ ನಾವೆಲ್ಲ ಆ ಬಣ್ಣವನ್ನೇ ನೋಡುತ್ತ ಕುಳಿತಿದ್ದೆವು.

ನಾನು ಕುಷ್ಟಗಿಯಲ್ಲಿ ಪ್ರೌಢಶಾಲೆ ಶಿಕ್ಷಕ. ಊರು ಯಲಬುರ್ಗಾ ಕಡೆಯ ಮಂಗಳೂರು. ಮೊದಲ ಹೆರಿಗೆಗೆಂದು ತಂಗಿ ಸುರೇಖಾ ತವರಿಗೆ ಬಂದಿದ್ದಳು. ಮುಂಜಾನೆ ನೋವು ಶುರುವಾದಾಗ ನೆರೆಮನೆಯ ಅಲ್ಲಾಸಾಬ ತನ್ನ ಟಂಟಂ ಆಟೊ ತಂದು ಬಾಗಿಲಿಗೇ ನಿಲ್ಲಿಸಿದ. ಬೇಡ ಎಂದವನು ನಾನೇ. ಆ್ಯಪ್‌ನಲ್ಲಿ ಊರಿನ ಹೆಸರು ಬರೆದಿದ್ದೆ, 'ವಾಹನ ಹೊರಟಿದೆ' ಎಂದು ತೋರಿಸುತ್ತಿತ್ತು. ಆಮ್ಲಜನಕ, ನರ್ಸು ಇರುವ ಗಾಡಿ ಬರುತ್ತಿರುವಾಗ ತಗ್ಗುದಿಣ್ಣೆಯ ದಾರಿಯಲ್ಲಿ ಟಂಟಂ ಯಾಕೆ ಎಂದುಕೊಂಡೆ. ಸರಕಾರವನ್ನು ನಂಬಿದ್ದೆ. ತಾವು ನಗಬಹುದು.

ಬಹಳ ಹೊತ್ತಿನ ಮೇಲೆ ಚಾಲಕನ ಫೋನ್ ಬಂತು. ಹನಮಪ್ಪನ ಗುಡಿ ಮುಂದೆ ಬರ್ರಿ ಎಂದೆ. "ದೇವಸ್ಥಾನದ ಎದುರೇ ಇದ್ದೇನೆ ಮಾರಾಯ್ರೆ, ನೀವು ಕಾಣುದಿಲ್ಲ. ಬಂದರು ರಸ್ತೆಯದ್ದೇ ತಾನೆ?" ಎಂದ ಆ ಪುಣ್ಯಾತ್ಮ.

ಅವ್ವ ಫಕೀರಮ್ಮ ಒಳಗಿನಿಂದ ಕೇಳಿದಳು: "ಗಾಡಿ ಎಲ್ಲಿತನಾ ಬಂದೈತಪಾ?"

"ಸಮುದ್ರದ ಬಾಜೂಕ ಐತವ್ವ" ಎಂದೆ.

ಅವಳು ಹೊರಗೆ ಬಂದಳು. ಅಲ್ಲಾಸಾಬನನ್ನು ಕೂಗಿದಳು.

ಯಲಬುರ್ಗಾ ಮುಟ್ಟುವ ಮೊದಲೇ ದಾರಿಯಲ್ಲಿ ಹೆರಿಗೆಯಾಯಿತು. ಅವ್ವನ ಸೆರಗಿನಲ್ಲಿ ಕೂಸು ಅಳದೆ ಮಲಗಿತ್ತು. ಸುರೇಖಾಳ ರಕ್ತ ನಿಲ್ಲಲಿಲ್ಲ. ಯಲಬುರ್ಗಾದ ವೈದ್ಯರು ಕೂಸು ಅಳುವಂತೆ ಮಾಡಿದರು. ತಂಗಿಯನ್ನು ಕೊಪ್ಪಳಕ್ಕೆ ಕಳಿಸಿದರು. ಅಲ್ಲಿ ಅವಳ ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಎಚ್ಚರವಾದ ಮೇಲೆ ಅವಳಿಗೆ ಅದನ್ನು ಹೇಳಿದವನು ನಾನು. ಆ ಕೆಲಸಕ್ಕೆ ತಮ್ಮಲ್ಲಿ ಆ್ಯಪ್ ಇದ್ದರೆ ತಿಳಿಸಿ.

ಕೊಪ್ಪಳದಲ್ಲಿರುವ ತಮ್ಮ ಜಿಲ್ಲಾ ಸಂಯೋಜಕರ ಬಳಿ ಹೋದೆ. ಏನೋ ಅಚಾತುರ್ಯ ಎನ್ನುತ್ತಾರೆಂದು ಭಾವಿಸಿದ್ದೆ. ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ತಣ್ಣಗೆ ಹೇಳಿದರು: "ಅದು ಗೊತ್ತಿರೋ ದೋಷನ ರಿ. ಒಂದ ಹೆಸರಿನ ಎರಡು ಊರು ಇದ್ರ ದೊಡ್ಡ ಊರು ಹಿಡಿತೈತಿ. ಬಿಡುಗಡೆಗಿಂತ ಮೊದಲ ನಮಗೆಲ್ಲಾ ತಿಳಿಸಿದ್ರು. ಮುಂದಿನ ಆವೃತ್ತಿಯೊಳಗ ಸರಿ ಆಕ್ಕೈತಿ."

ಜನರಿಗೇಕೆ ತಿಳಿಸಲಿಲ್ಲ ಎಂದು ಕೇಳಿದೆ.

"ತಿಳಿಸಿದ್ರ ಯಾರೂ ಬಳಸಂಗಿಲ್ಲ ಅಂತ ಮ್ಯಾಲಿನವರು ಬ್ಯಾಡ ಅಂದಾರ್ರಿ."

ಮೇಲಿನವರೇ, ನಿಮಗೆಲ್ಲ ಗೊತ್ತಿತ್ತು. ಗಾಡಿ ಕಾಯುವವರಿಗೆ ಮಾತ್ರ ಗೊತ್ತಿರಲಿಲ್ಲ. ದೋಷವಿಲ್ಲದ ತಂತ್ರಾಂಶ ಬೇಕೆಂದು ನಾವು ಹಟ ಹಿಡಿದಿದ್ದೆವೇ? ಮನುಷ್ಯರು ಮಾಡಿದ್ದರಲ್ಲಿ ತಪ್ಪಿರುತ್ತದೆ, ಅದು ಹಳ್ಳಿಯವರಿಗೂ ಅರ್ಥವಾಗುತ್ತದೆ. 'ನಿಮ್ಮ ಊರಿನ ಹೆಸರು ಬೇರೆಡೆಯೂ ಇದ್ದರೆ ಆ್ಯಪ್ ನಂಬಬೇಡಿ, ಫೋನ್ ಮಾಡಿ ತಾಲೂಕು ಹೇಳಿ' ಎಂದು ಒಂದು ಸಾಲು ಬರೆದಿದ್ದರೆ ತಮ್ಮ ಘನತೆಗೆ ಎಲ್ಲಿ ಕುಂದು ಬರುತ್ತಿತ್ತು?

ಆ ಸಾಲನ್ನು ನಾನೇ ನಮ್ಮೂರ ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆಸಿದೆ. ಸೇವೆಗೆ ಅಪಪ್ರಚಾರವಾಗುತ್ತಿದೆ, ಅಳಿಸಿರಿ ಎಂದು ಪಂಚಾಯಿತಿಗೆ ಆ ವಾರವೇ ತಮ್ಮ ಸೂಚನೆ ಬಂತು. ಈ ಸೂಚನೆ ಮಾತ್ರ ದಾರಿ ತಪ್ಪದೆ ನಮ್ಮ ಮಂಗಳೂರಿಗೇ ಬಂದದ್ದು ಸೋಜಿಗ.

ನನಗೆ ತಮ್ಮ ವಿಷಾದ ಬೇಡ, ಪರಿಹಾರ ಬೇಡ. ಆ್ಯಪ್ ತೆರೆದ ಕೂಡಲೇ, ಬಣ್ಣಕ್ಕಿಂತ ಮೊದಲು, ತಮಗೆ ಗೊತ್ತಿರುವ ದೋಷಗಳೆಲ್ಲ ಕನ್ನಡದಲ್ಲಿ ಕಾಣಬೇಕು. ಅಲ್ಲಿಯವರೆಗೆ ನೀವು ಅಳಿಸುತ್ತಿರಿ, ನಾವು ಆ ಗೋಡೆಯ ಮೇಲೆ ಮತ್ತೆ ಬರೆಯುತ್ತಿರುತ್ತೇವೆ. ಈ ಸಲ ಬಣ್ಣದ ಡಬ್ಬಿ ಹಿಡಿದು ನಿಲ್ಲುವವಳು ಸುರೇಖಾ. ಬರೆಯಬೇಡ ಎನ್ನುವುದಿದ್ದರೆ ಅವಳಿಗೇ ಹೇಳಿ ನೋಡಿ.

ಇಂತಿ, ತಾವು 'ಬಳಕೆದಾರ' ಎಂದು ಕರೆಯುವ
ರಾಮಾಂಜನೇಯ
ಮಂಗಳೂರು (ಸಮುದ್ರವಿಲ್ಲದ್ದು)