ಶುಕೂರ್ ಸಾಹೇಬರ ‘ಹೂಂ’

ಜೂನ್ 3, ಸೋಮವಾರ

ಕಾಲೇಜಿಂದ ಬಂದು ಕಾಫಿ ಕುಡಿದು ಮರ ಕುಟ್ಟಲು ಕೂತೆ. ಕುಟ್ಟುವುದೆಂದರೆ ಮೌಸಿನಲ್ಲಿ. ಮರದ ಪಟ್ಟಿಯ ಉದ್ದ, ದಪ್ಪ, ಗಡಸು, ಕೋಲು ಎಲ್ಲಿ ಬೀಳಬೇಕು — ಇಷ್ಟು ತುಂಬಿದರೆ ಸಾಫ್ಟ್‌ವೇರ್ ಇಲ್ಲದ ಮರಕ್ಕೆ ಇಲ್ಲದ ಕೋಲಿನಿಂದ ಹೊಡೆದು, ಇರುವ ಸದ್ದು ಕೊಡುತ್ತದೆ. ರೆಕಾರ್ಡಿಂಗ್ ಅಲ್ಲ, ಬರೀ ಲೆಕ್ಕ. ಫಿಸಿಕ್ಸ್ ಮೇಷ್ಟ್ರಿಗೆ ಇನ್ನೇನು ಬೇಕು? ಮಕ್ಕಳ ಮ್ಯೂಸಿಕ್ ಆ್ಯಪಿನವರು ಮರದ ಸದ್ದು ಬೇಕೆಂದು ಕೇಳಿದ್ದಾರೆ. ತಿಂಗಳ ಕೊನೆಗೆ ಕಳಿಸಬೇಕು.

ಒಳಗಿಂದ ಹೆಂಡತಿ, “ಯಾರೋ ಬಾಗಿಲು ತಟ್ತಿದಾರೆ, ನೋಡ್ರೀ” ಅಂದಳು.

ಹೆಂಡತಿಯ ಹೆಸರು ಶ್ರುತಿ. ಮನೆಯಲ್ಲಿ ಶ್ರುತಿ ಇದ್ದೂ ನನ್ನ ಸ್ವರಕ್ಕೆ ಈ ಗತಿ.

ಜೂನ್ 8, ಶನಿವಾರ

ಕೆಂಪರಾಜು ಅವರ ಗೊಂಬೆ ಶೆಡ್ಡಿಗೆ ಹೋಗಿದ್ದೆ. ಅಲ್ಲಿ ನಮ್ಮ ಹಳೆಯ ಪರಿಚಯದ ಶುಕೂರ್ ಸಾಹೇಬರು. ನಲವತ್ತು ವರ್ಷದಿಂದ ಮರ ಕಡೆಯುವವರು. ಹಾಲೆ ಮರದ ಪ್ರತಿ ತುಂಡನ್ನೂ ಗೆಣ್ಣಿನಿಂದ ಒಂದೇ ಸಲ ತಟ್ಟಿ ಕಿವಿಗೆ ಹಿಡಿಯುತ್ತಾರೆ. ಒಣಗಿದ್ದರೆ “ಹೂಂ”. ಹಸಿಯಿದ್ದರೆ ಮಾತಿಲ್ಲ, ಪಕ್ಕಕ್ಕೆ. ಆ ‘ಹೂಂ’ ಬೀಳದೆ ಶೆಡ್ಡಿನಲ್ಲಿ ಬುಗುರಿಯೂ ಹುಟ್ಟುವುದಿಲ್ಲ.

ನನಗಾಗಿ ಒಂದು ಪಟ್ಟಿ ಮಾಡಿಕೊಟ್ಟರು. ಅವರೇ ತಟ್ಟಿದರು, ರೆಕಾರ್ಡ್ ಮಾಡಿಕೊಂಡೆ — ನನ್ನ ಲೆಕ್ಕವನ್ನು ಹೋಲಿಸಿ ನೋಡಲು.

“ಮೇಷ್ಟ್ರೇ, ನಿಮ್ ಕಂಪ್ಯೂಟರ್ ಮರಕ್ಕೆ ಗೆದ್ದಲು ಹಿಡಿಯಲ್ವಾ?”

“ವೈರಸ್ ಹಿಡಿಯುತ್ತೆ ಸಾಹೇಬ್ರೆ.”

ಟೀ ಚೆಲ್ಲುವಷ್ಟು ನಕ್ಕರು.

ಜೂನ್ 11, ಮಂಗಳವಾರ

ಬಂತು! ಅವರ ಮರ, ನನ್ನ ಲೆಕ್ಕ — ನನ್ನ ಕಿವಿಗೆ ವ್ಯತ್ಯಾಸವೇ ಇಲ್ಲ. ಎರಡು ಫೈಲಿಗೂ ಆತುರದಲ್ಲಿ ಹೆಸರಿಟ್ಟು ಫೋನಿಗೆ ಹಾಕಿಕೊಂಡೆ. ‘ಮರ’. ‘ಲೆಕ್ಕ’. ನಾಳೆ ಒಂದು ತಮಾಷೆ ಮಾಡಬೇಕು.

ಜೂನ್ 12, ಬುಧವಾರ, ಸಂಜೆ 6

ಶೆಡ್ಡಿನ ಟೀ ಹೊತ್ತಿಗೆ ಸರಿಯಾಗಿ ಹೋದೆ. ಎಲ್ಲರೂ ಇದ್ದರು. ಎರಡೂ ಸದ್ದು ಕೇಳಿಸಿದೆ. “ಒಂದು ನಿಮ್ಮ ಮರ, ಒಂದು ಕಂಪ್ಯೂಟರ್. ಯಾವುದು ನಿಮ್ಮದು ಹೇಳಿ.”

ಸಾಹೇಬರು ಯೋಚಿಸಲೂ ಇಲ್ಲ. “ಮೊದಲನೇದು ನಂದು. ಎರಡನೇದ್ರಲ್ಲಿ ಮರಾನೇ ಇಲ್ವಲ್ಲ.”

ಫೋನ್ ತಿರುಗಿಸಿ ತೋರಿಸಿದೆ. ಮೊದಲನೆಯದರ ಹೆಸರು ‘ಲೆಕ್ಕ’.

“ಕೈಯಲ್ಲೂ ಹಾಲೆ, ಕಿವೀಲೂ ಹಾಲೆ, ಆದ್ರೂ ಗುರುತು ಸಿಗಲಿಲ್ವಲ್ಲ ಸಾಹೇಬ್ರೆ!” ಅಂದೆ. ಗೊಂಬೆಗೆ ಅರಗಿನ ಬಣ್ಣ ಹಚ್ಚುವ ಮೆಷಿನ್ ಸ್ವಾಮಿ ಬಿಡುತ್ತಾನೆಯೇ? “ಏನ್ ಶುಕೂರಣ್ಣ, ಕಿವಿಗೂ ಒಸಿ ಅರಗು ಮೆತ್ಬುಟ್ಟಿದ್ದೀಯಾ?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಸಾಹೇಬರೂ ನಕ್ಕರು — ಅರ್ಧ ಸೆಕೆಂಡ್ ತಡವಾಗಿ. ಕೆಂಪರಾಜು ನಗಲಿಲ್ಲ.

ಒಳ್ಳೆಯ ಸಂಜೆ.

ಜೂನ್ 17, ಸೋಮವಾರ

ಬಕ್ರೀದ್. ಸಾಹೇಬರ ಹೆಂಡತಿ ಜೈನಬ್ ಪ್ರತಿ ವರ್ಷದಂತೆ ನಮಗೆಂದೇ ಬೇರೆ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ ಕಳಿಸಿದ್ದರು. ಪ್ರತಿ ಸಲ ತಾವೇ ತರುತ್ತಿದ್ದ ಸಾಹೇಬರು ಬರಲಿಲ್ಲ.

ಜೂನ್ 27, ಗುರುವಾರ

ಶೆಡ್ಡಿನಲ್ಲಿ ಹೊಸ ಮೀಟರ್. ಎರಡು ಮುಳ್ಳು ಮರಕ್ಕೆ ಚುಚ್ಚಿದರೆ ತೇವ ಎಷ್ಟೆಂದು ನಂಬರ್ ಬರುತ್ತದೆ.

“ನೀವೇ ಕಣ್ ತೆರೆಸಿದ್ರಿ ಮೇಷ್ಟ್ರೇ,” ಅಂದರು ಕೆಂಪರಾಜು. “ಸಾಹೇಬ್ರಿಗೆ ವಯಸ್ಸಾಯ್ತು, ಕಿವಿ ಹೋಗೈತೆ. ನಂಗೆ ಗೊತ್ತೇ ಆಗಿರ್ನಿಲ್ಲ.”

ಸಾಹೇಬರು ಮೂಲೆಯಲ್ಲಿ ಗೊಂಬೆ ಗಾಡಿಗಳಿಗೆ ಚಕ್ರ ಸಿಕ್ಕಿಸುತ್ತ ಕೂತಿದ್ದರು. ಅದು ಹೊಸದಾಗಿ ಸೇರಿದವರ ಕೆಲಸ.

“ಡಾಕ್ಟ್ರಿಗೆ ತೋರಿಸ್ದೆ. ಕಿವಿ ಚೆನ್ನಾಗೈತೆ ಅಂತಾರೆ,” ಅಂದರು. “ಆದ್ರೆ ನೀವು ಓದಿದೋರು. ನೀವ್ಯಾಕೆ ಸುಳ್ಳು ಹೇಳ್ತೀರಾ?”

ಟೀಗೂ ನಿಲ್ಲದೆ ಮನೆಗೆ ಬಂದೆ.

ಜೂನ್ 28, ಶುಕ್ರವಾರ

ಆ್ಯಪಿನವರಿಗೆ ಕಳಿಸುವ ಮೊದಲು ‘ಲೆಕ್ಕ’ ಫೈಲನ್ನು ಹೆಡ್‌ಫೋನ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ ಕೇಳಿದೆ. ಸದ್ದು ಕರಗಿತು. ಆಮೇಲೆ, ಬಲು ಸಣ್ಣಗೆ —

“ಹೂಂ.”

ಲೆಕ್ಕ ‘ಹೂಂ’ ಅನ್ನುವುದಿಲ್ಲ.

ಹತ್ತು ಸಲ ಕೇಳಿದೆ. ಹೆಸರು ಅದಲುಬದಲು. ಇಟ್ಟವನು ನಾನೇ. ಸಾಹೇಬರು ಒಂದೇ ಸಲಕ್ಕೆ ಸರಿಯಾಗಿ ಹೇಳಿದ್ದರು. ಅವರ ದನಿಯೇ ಅದರೊಳಗಿತ್ತು. ಫೋನಿನ ಸ್ಪೀಕರಿಗೆ ನಿಲುಕುವಷ್ಟಿರಲಿಲ್ಲ, ಅಷ್ಟೆ. ಕಿವುಡ ಯಾರು?

ಆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು. ಎರಡು ಸಲ ಬಡಿಸಿಕೊಂಡು ತಿಂದಿದ್ದೆ.

ಶ್ರುತಿಗೆ ಹೇಳಿದೆ. “ನಗಿಸಿದ್ದು ಎಲ್ಲರ ಮುಂದೆ ತಾನೆ? ಇದನ್ನೂ ಎಲ್ಲರ ಮುಂದೇನೇ ಹೇಳಿ” ಅಂದಳು.

ಜೂನ್ 29, ಶನಿವಾರ

ಶೆಡ್ಡಿನ ಗೇಟಿನವರೆಗೂ ಹೋಗಿ ವಾಪಸ್. ಮೆಸೇಜಾದರೂ ಕಳಿಸೋಣವೆಂದು ಕೂತರೆ, ಕ್ಷಮಿಸಿ ಅನ್ನುವುದರಲ್ಲೂ ಒಂದು ಚೇಷ್ಟೆ ನುಸುಳಿತು. ಅಳಿಸಿದೆ. ಮತ್ತೆ ಬರೆದೆ. ಮತ್ತೆ ನುಸುಳಿತು. ಥೂ.

ಜುಲೈ 1, ಸೋಮವಾರ

ಕಾಲೇಜಿನ ದೊಡ್ಡ ಸ್ಪೀಕರ್ ಹೊತ್ತುಕೊಂಡು ಟೀ ಹೊತ್ತಿಗೇ ಹೋದೆ. ಮಾತಿಗೆ ಮೊದಲು ಫೈಲು ಹಾಕಿದೆ. ಮರ ಮೊಳಗಿತು. ಆಮೇಲೆ ಶೆಡ್ಡಿನ ತುಂಬ — “ಹೂಂ.”

ಸ್ವಾಮಿ ಲೋಟ ಕೆಳಗಿಟ್ಟ. “ಶುಕೂರಣ್ಣನ ದನಿ ಕಣ್ರಲಾ!”

“ಹೆಸರು ತಪ್ಪಿಟ್ಟವನು ನಾನು. ಸಾಹೇಬರ ಕಿವಿ ತಪ್ಪಿರಲಿಲ್ಲ. ನಿಮ್ಮ ಮುಂದೆ ಅವರ ಮಾನ ಕಳೆದೆ.” ಇಷ್ಟೇ ಹೇಳಿದ್ದು. ಯಾರೂ ನಗಲಿಲ್ಲ.

ಕೆಂಪರಾಜು ತಲೆ ತಗ್ಗಿಸಿಕೊಂಡು ಎದ್ದರು. ರಾಶಿಯಿಂದ ಒಂದು ತುಂಡು ತಂದು ಸಾಹೇಬರ ಕೈಗಿಟ್ಟರು. “ನೋಡಿ ಸಾಹೇಬ್ರೆ.”

ಸಾಹೇಬರು ಮೊದಲು ನನ್ನ ಮುಖ ನೋಡಿದರು. “ಒಣಗೈತಾ ಮೇಷ್ಟ್ರೇ?”

“ನನಗೇನು ಗೊತ್ತು ಸಾಹೇಬ್ರೆ.”

ತಟ್ಟಿದರು. ಕಿವಿಗೆ ಹಿಡಿದರು. ಎಲ್ಲರೂ ಕಾದೆವು.

ಯಾವಾಗಲೂ ಒಂದೇ ಸಲ ತಟ್ಟುವವರು. ಇನ್ನೊಮ್ಮೆ ತಟ್ಟಿದರು. ಮೀಟರಿನ ಕಡೆ ನೋಡಿದರು. ಮತ್ತೊಮ್ಮೆ ತಟ್ಟಿ, ಕಣ್ಣು ಮುಚ್ಚಿ, “ಹೂಂ?” ಅಂದರು, ನಮ್ಮನ್ನೇ ಕೇಳುವವರಂತೆ.