ಕೊಕ್ಕೆ ಇಲ್ಲದ ಪಟ್ಟಿ

೧೪ ಜುಲೈ, ಮಂಗಳವಾರ

ಕೊಂಡೇಬಿಟ್ಟೆ. ಅಣ್ಣ ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದಾನೆ. ಇರಲಿ.

ಕೆಸರಲ್ಲಿ ಹೂತ ಗಾಡಿ ಎಳೆಯುವ ಪಟ್ಟಿ ಬೇಕು ಎಂದು ಕೇಳಿದವಳು ನಾನು. ಅಂಗಡಿಯವನು ಉತ್ತರ ಕೊಟ್ಟದ್ದು ಅಣ್ಣನಿಗೆ. ಎರಡೂ ತುದಿಗೆ ಕಬ್ಬಿಣದ ಕೊಕ್ಕೆ ಇದ್ದದ್ದನ್ನು ಮುಂದಿಟ್ಟು, "ಇದು ಗಟ್ಟಿ ಸಾರ್, ಸಿಕ್ಕಿಸಿದ್ರೆ ಮುಗೀತು" ಅಂದ.

"ಕೊಕ್ಕೆ ಇಲ್ಲದ್ದು ಕೊಡಿ. ನೈಲಾನಿಂದು, ಎಳೆದ್ರೆ ಹಿಗ್ಗಬೇಕು. ನಮ್ಮ ಗಾಡಿ ಎರಡೂವರೆ ಟನ್, ಪಟ್ಟಿ ಎಂಟು ಟನ್ನಾದ್ರೂ ತಡೀಬೇಕು" ಅಂದೆ.

ಅಣ್ಣ ನಕ್ಕ. "ಹಿಗ್ಗೋಕೆ ಅದೇನು ಚಡ್ಡಿ ಎಲಾಸ್ಟಿಕ್ಕಾ? ಅಪ್ಪನ ಸರಪಳಿ ಇಪ್ಪತ್ತು ವರ್ಷ ಎಳೆದಿಲ್ವಾ?"

ಎಳೆದಿದೆ. ಅದೇ ಸರಪಳಿಯ ಕೊಕ್ಕೆ ಕಿತ್ತು ಹಾರಿ ಅಪ್ಪನ ದವಡೆ ಮುರಿದದ್ದೂ ಹೌದು. ಇಂದಿಗೂ ಅವರು ಅನ್ನವನ್ನು ಹಿಚುಕಿ ನುಂಗುತ್ತಾರೆ. ಮನೆಯಲ್ಲಿ ಎಲ್ಲರೂ ಅದನ್ನು ಗ್ರಹಚಾರ ಅನ್ನುತ್ತಾರೆ. ಗ್ರಹಚಾರವಂತೆ! ಕೊಕ್ಕೆ.

ಸಂಜೆ ಡೇರಿಯ ಹಿಂದಿನ ಕೆಸರಲ್ಲಿ ಹಾಲಿನ ವ್ಯಾನು ಹೂತಿತ್ತು. ನಾನೇ ಪಟ್ಟಿಯ ಕುಣಿಕೆ ಸಿಕ್ಕಿಸಿ, ನೋಡುತ್ತಿದ್ದವರನ್ನೆಲ್ಲ ಬೈದು ದೂರ ನಿಲ್ಲಿಸಿ, ನಮ್ಮ ಗಾಡಿ ಹೊರಡಿಸಿದೆ. ಪಟ್ಟಿ ಹಿಗ್ಗಿತು, ವ್ಯಾನು ಮೆತ್ತಗೆ ಮೇಲೆ ಬಂತು. ಅಣ್ಣ ಮನೆಗೆ ಬಂದವನೇ ನಾನು ಇಳಿಸಿಟ್ಟಿದ್ದ ಸರಪಳಿಯನ್ನು ಮತ್ತೆ ಗಾಡಿಗೆ ಹಾಕಿದ. "ಯಾವುದಕ್ಕೂ ಇರಲಿ" ಅಂತೆ.

ಅವನು ಊಟಕ್ಕೆ ಕೂತಾಗ ತೆಗೆದೆ. ಈಗ ಅದು ಶೆಡ್ಡಿನ ಗೇಟಿಗೆ ಸುತ್ತಿಕೊಂಡಿದೆ, ಮೇಲೆ ಬೀಗ. ಬೆಳಿಗ್ಗೆ ರೇಗಾಡುತ್ತಾನೆ. ರೇಗಾಡಲಿ.

ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು, ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡರು.