ಲೇಪದೊಳಗಿನ ಬಿಳಿ ಹರಳು

೧೪ ಆಗಸ್ಟ್, ಗುರುವಾರ, ಹಾನಗಲ್

ಅವ್ವನ ಕಾಲಿನ ಹುಣ್ಣಿನ ಪರೀಕ್ಷೆಯಲ್ಲಿ ಮತ್ತೆ ಅದೇ ಬ್ಯಾಕ್ಟೀರಿಯಾ. ತಿಂಗಳಿಂದ ಆಸ್ಪತ್ರೆಯ ಗುಳಿಗೆ ನಡೆದಿದೆ, ಆದರೂ ಕೀವು ನಿಂತಿಲ್ಲ. ನನ್ನ ಅನುಮಾನವೆಲ್ಲ ತಡಸದ ನಾಟಿ ವೈದ್ಯ ಮಾರೆಪ್ಪ ಹುಣ್ಣಿಗೆ ಹಚ್ಚಲು ಕೊಡುವ ಸೊಪ್ಪಿನ ಔಷಧಿಯ ಮೇಲೆ. ಸೊಪ್ಪಿನ ಹೆಸರು ಹೇಳಿದರೆ ಅದರ ಗುಣ ಹೋಗುತ್ತದಂತೆ! ನಿನ್ನೆ ಲೇಪದ ಬಟ್ಟಲು ಕೆದಕಿದರೆ ಹಸಿರಿನ ನಡುವೆ ಬಿಳಿ ಹರಳು. ಏನೋ ಪುಡಿ ಬೆರೆಸುತ್ತಿದ್ದಾನೆ, ಕಳ್ಳ ಸಿಕ್ಕಿದ ಎಂದು ಇವತ್ತು ಅವನ ಮನೆಗೇ ಹೋಗಿ ಕೂಗಾಡಿದೆ.

"ನಾ ಕೊಡೋದು ಬರೇ ತಪ್ಪಲರಿ ಅಕ್ಕಾರ, ಹಸಿ ಸೊಪ್ಪು. ಅರೆಯೋದು ನಿಮ್ಮ ಮನ್ಯಾಗ," ಎಂದ, ಅಷ್ಟೇ.

ಮನೆಗೆ ಬಂದಾಗ ಅವ್ವ ಸೊಪ್ಪು ಅರೆಯುತ್ತಿದ್ದಳು. ಬೆಳಿಗ್ಗೆ ನಾನು ಕೊಟ್ಟ ಗುಳಿಗೆಯೂ ಕಲ್ಲಿನ ಮೇಲಿತ್ತು.

"ಹುಣ್ಣು ಕಾಲಾಗೈತಿ. ಗುಳಿಗಿ ಹೊಟ್ಟಿಗ್ಯಾಕ?" ಎಂದಳು.

ದಿನವೂ ಅವಳ ಕೈಗೆ ಗುಳಿಗೆ ಇಟ್ಟವಳು ನಾನು. ನುಂಗಿದಳೇ ಎಂದು ಒಮ್ಮೆಯೂ ನಿಂತು ನೋಡಲಿಲ್ಲ. ಇನ್ನು ಮಾರೆಪ್ಪನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?